ರಸ್ತೆ, ಸೇತುವೆ, ಪೈಪು ಎಲ್ಲಾ ಒಬ್ಬರಿಗೇ ಯಾಕೆ?

ಸಕಲೇಶಪುರ ತಾಲ್ಲೂಕಿನ ಹಾನುಬಾಳು ಕಡೆಯ ಕಾಫಿ ಬೆಳೆಗಾರರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಪತ್ರದ ಮುಖ್ಯ ಭಾಗ ಹೀಗಿದೆ:

"ನಮ್ಮ ಕಡೆ ರಸ್ತೆ ಅಗಲ ಮಾಡುವುದು, ಹಳ್ಳಕ್ಕೆ ಸೇತುವೆ ಕಟ್ಟುವುದು, ನೀರಿನ ಪೈಪ್ ಹಾಕುವುದು ಎಲ್ಲಾ ಒಂದೇ ಕಂಪನಿಯ ಕೆಲಸ. ಡಾಂಬರು ಹಾಕಿ ಮುಗಿಸಿದ ಮೇಲೆ ಅದೇ ರಸ್ತೆ ಅಗೆದು ಪೈಪ್ ದಾಟಿಸಿದರು. ಮಳೆಗಾಲದಲ್ಲಿ ರಸ್ತೆಗಾಗಿ ಕತ್ತರಿಸಿದ ಧರೆ ಜರಿದು ಮೇಲಿದ್ದ ನಮ್ಮ ತೋಟದ ಅಂಚು ಗಿಡಗಳ ಸಮೇತ ಕೆಳಗೆ ಬಂತು. ಕೇಳಿದರೆ ರಸ್ತೆಯವರು ಪೈಪಿನವರನ್ನು ತೋರಿಸುತ್ತಾರೆ, ಪೈಪಿನವರು ಮಳೆಯನ್ನು ತೋರಿಸುತ್ತಾರೆ. ಎಲ್ಲಾ ಕೆಲಸ ಗೊತ್ತಿರುವ ಕಂಪನಿ ಅಂತ ನಿಜವಾಗಿ ಇರುತ್ತಾ? ಮೊದಲಿನ ಹಾಗೆ ಊರಿನ ಗುತ್ತಿಗೆದಾರರಿಗೆ ಬಿಡಿಬಿಡಿಯಾಗಿ ಕೊಟ್ಟರೆ ಆಗಲ್ವಾ?"

ನಮಸ್ಕಾರ. ನಿಮ್ಮ ತೋಟದ ವಿಷಯ ಓದಿ ಬೇಸರವಾಯಿತು. ಕಾಫಿ ಗಿಡ ಫಸಲಿಗೆ ಬರಲು ಎಷ್ಟು ವರ್ಷ ಬೇಕು ಅಂತ ಈ ಜಿಲ್ಲೆಯಲ್ಲಿ ಯಾರಿಗೂ ಹೇಳಬೇಕಾಗಿಲ್ಲ.

ಎಲ್ಲಾ ಕೆಲಸ ಗೊತ್ತಿರುವ ಕಂಪನಿಗಳು ಇವೆ. ಆದರೆ ಎಲ್ಲವನ್ನೂ ತಮ್ಮದೇ ಜನರಿಂದ ಮಾಡಿಸುವವರು ತೀರಾ ಕಡಿಮೆ. ದೊಡ್ಡ ಗುತ್ತಿಗೆ ಕಂಪನಿಯ ಹತ್ತಿರ ವಿನ್ಯಾಸ ಮಾಡುವ ಇಂಜಿನಿಯರ್‌ಗಳು, ಹಿಟಾಚಿ, ರೋಲರ್, ಡಾಂಬರು ಪ್ಲಾಂಟ್, ಬ್ಯಾಂಕ್ ಗ್ಯಾರಂಟಿ ಇರುತ್ತವೆ. ಸೇತುವೆಯ ಅಡಿಪಾಯಕ್ಕೆ ನೆಲದೊಳಗೆ ಕಂಬ ಇಳಿಸುವ ಪೈಲಿಂಗ್ ಒಬ್ಬರಿಗೆ, ಪೈಪ್ ಜೋಡಣೆ ಇನ್ನೊಬ್ಬರಿಗೆ, ಕಂಬಿ ಕಟ್ಟುವ ಕೆಲಸ ಮತ್ತೊಬ್ಬರಿಗೆ ಸಬ್ ಕಾಂಟ್ರಾಕ್ಟ್ ಹೋಗುತ್ತದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಸರ್ಕಾರದ ಜೊತೆ ಕರಾರಿಗೆ ಸಹಿ ಹಾಕಿದವರು ಒಬ್ಬರೇ. ಒಳಗೆ ಯಾರು ಮಾಡಿದರೂ ಕೆಲಸದ ಹೊಣೆ ಸಹಿ ಹಾಕಿದವರದ್ದೇ. ಹಾಗಾಗಿ "ಪೈಪಿನವರನ್ನು ಕೇಳಿ" ಅನ್ನುವ ಉತ್ತರವನ್ನು ನೀವು ಒಪ್ಪಬೇಕಾಗಿಲ್ಲ. ಎಲ್ಲವನ್ನೂ ಒಬ್ಬರಿಗೆ ಕೊಡುವುದಕ್ಕೆ ಇರುವ ದೊಡ್ಡ ಕಾರಣವೇ ಅದು. ರಸ್ತೆ ಮತ್ತು ಪೈಪಿನ ನಡುವೆ ಯಾವುದೂ ಅನಾಥವಾಗಿ ಬೀಳಬಾರದು. ಆ ಲಾಭವೇ ಸಿಗದಿದ್ದರೆ ಎಲ್ಲಾ ಕೆಲಸ ಸೇರಿಸಿ ಒಂದೇ ಪ್ಯಾಕೇಜ್ ಮಾಡಿ ಪ್ರಯೋಜನವೇನು?

ಬಿಡಿಬಿಡಿಯಾಗಿ ಕೊಟ್ಟರೆ ಆಗಲ್ವಾ ಅಂದಿದ್ದೀರಿ. ಸಣ್ಣ ಕೆಲಸಕ್ಕೆ ಖಂಡಿತ ಆಗುತ್ತದೆ. ದೊಡ್ಡದಕ್ಕೆ ಕಷ್ಟ. ನಿಮ್ಮ ತಾಲ್ಲೂಕಿನ ಎತ್ತಿನಹೊಳೆಯನ್ನೇ ನೋಡಿ. 24.01 ಟಿಎಂಸಿ ನೀರು ಎತ್ತಿ ಪೂರ್ವದ ಜಿಲ್ಲೆಗಳಿಗೆ ಸಾಗಿಸುವ ಯೋಜನೆ ಅದು. ಶಂಕುಸ್ಥಾಪನೆ ಆಗಿದ್ದು 2014ರಲ್ಲಿ, ಮೊದಲ ಹಂತ ಉದ್ಘಾಟನೆಯಾಗಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಅಲ್ಲಿ ಹಳ್ಳಗಳಿಗೆ ಕಟ್ಟಿದ ಒಡ್ಡು ಸಿವಿಲ್ ಕೆಲಸ. ಗುಡ್ಡ ಹತ್ತುವ ಉಕ್ಕಿನ ಪೈಪು, ಪಂಪು ಮೆಕ್ಯಾನಿಕಲ್ ಕೆಲಸ. ಸಬ್ ಸ್ಟೇಷನ್, ಲೈನು ಎಲೆಕ್ಟ್ರಿಕಲ್ ಕೆಲಸ. ಒಡ್ಡು ರೆಡಿಯಾಗಿ ಕರೆಂಟ್ ಲೈನ್ ಬರದಿದ್ದರೆ ಒಂದು ಬಿಂದಿಗೆ ನೀರೂ ಮೇಲೇರುವುದಿಲ್ಲ. ಇಂಥ ಕಡೆ ಪೂರ್ತಿ ಪ್ಯಾಕೇಜನ್ನು ಒಬ್ಬರ ತಲೆಗೆ ಕಟ್ಟುವುದೇ ಸರಿ. ಯೋಜನೆ ಬೇಕಿತ್ತೋ ಬೇಡವೋ ಅನ್ನುವುದು ಬೇರೆ ಪ್ರಶ್ನೆ.

ಕರಾರಿನಲ್ಲೂ ಬಗೆಗಳಿವೆ. ಹಳೆಯ ಪದ್ಧತಿಯಲ್ಲಿ ಇಲಾಖೆಯೇ ವಿನ್ಯಾಸ ಮಾಡಿಕೊಡುತ್ತದೆ. ಗುತ್ತಿಗೆದಾರ ಮಾಡಿದಷ್ಟನ್ನು ಅಳೆದು ಎಂಬಿ ಎನ್ನುವ ಅಳತೆ ಪುಸ್ತಕದಲ್ಲಿ ಬರೆದು ಬಿಲ್ ಮಾಡುತ್ತಾರೆ. ಇಪಿಸಿ ಅನ್ನುವ ಪದ್ಧತಿಯಲ್ಲಿ ವಿನ್ಯಾಸ, ಸಾಮಾನು ಖರೀದಿ, ನಿರ್ಮಾಣ ಮೂರೂ ಕಂಪನಿಯದ್ದೇ, ಹಣ ಮೊದಲೇ ನಿಗದಿಯಾದ ಒಟ್ಟು ಮೊತ್ತದಲ್ಲಿ. ಇಲ್ಲಿ ಕಡಿಮೆ ಜಲ್ಲಿ, ಕಡಿಮೆ ಕಂಬಿ ಹಾಕಿದರೆ ಉಳಿಯುವ ದುಡ್ಡು ಕಂಪನಿಗೇ. ಅದಕ್ಕೇ ಮೇಲುಸ್ತುವಾರಿಯ ಇಂಜಿನಿಯರ್ ಗಟ್ಟಿಯಾಗಿರಬೇಕು. ಹೆದ್ದಾರಿಗಳಲ್ಲಿ ಹ್ಯಾಮ್ (ಹೈಬ್ರಿಡ್ ಆನ್ಯುಟಿ ಮಾಡೆಲ್) ಅನ್ನುವ ಮೂರನೆಯ ಪದ್ಧತಿಯೂ ಇದೆ. ಅದರಲ್ಲಿ ಶೇ 40 ಹಣವನ್ನು ಕೆಲಸ ನಡೆಯುವಾಗ ಸರ್ಕಾರ ಕೊಡುತ್ತದೆ. ಉಳಿದದ್ದನ್ನು ಕಂಪನಿಯೇ ಹೊಂದಿಸಿ 15 ವರ್ಷಗಳಲ್ಲಿ ಕಂತಿನ ಮೇಲೆ ವಾಪಸ್ ಪಡೆಯುತ್ತದೆ. ಅಷ್ಟು ವರ್ಷ ರಸ್ತೆ ನೋಡಿಕೊಳ್ಳುವುದೂ ಅವರ ಕೆಲಸವೇ. ನನಗೆ ಈ ಪದ್ಧತಿ ಹೆಚ್ಚು ಹಿಡಿಸುತ್ತದೆ. ಹಣ ಬಾಕಿ ಇರುವ ತನಕ ಕಂಪನಿ ಊರು ಬಿಟ್ಟು ಹೋಗುವುದಿಲ್ಲ.

ಈಗ ಅಗೆದ ರಸ್ತೆಯ ವಿಷಯಕ್ಕೆ ಬರೋಣ. ಡಾಂಬರು ಹಾಕುವ ಮೊದಲೇ ಪೈಪ್ ದಾಟುವ ಜಾಗಗಳಲ್ಲಿ ಅಡ್ಡಲಾಗಿ ದಪ್ಪ ಪೈಪೊಂದನ್ನು ಹೂತಿಡಬಹುದು. ನಾಳೆ ನೀರಿನ ಪೈಪ್, ಕೇಬಲ್ ಏನೇ ಬಂದರೂ ಅದರೊಳಗೆ ತೂರಿಸಿದರೆ ಆಯ್ತು. ಎರಡೂ ಕೆಲಸ ಒಬ್ಬರದ್ದೇ ಆಗಿರುವಾಗ ಇದನ್ನು ಮಾಡದಿರಲು ಯಾವ ನೆಪವೂ ಇಲ್ಲ. ನನಗೆ ನಿಮ್ಮ ಪತ್ರದಲ್ಲಿ ಅತಿ ಹೆಚ್ಚು ಸಿಟ್ಟು ಬರಿಸಿದ್ದು ಡಾಂಬರು ಹಾಕಿದ ರಸ್ತೆ ಅಗೆದ ಆ ಸಾಲು.

ಅಗೆದದ್ದು ಅಗೆದಾಯಿತು, ಮುಚ್ಚಿದ್ದು ಹೇಗೆ ಅಂತ ಹೋಗಿ ನೋಡಿ. ಹೆದ್ದಾರಿಯ ನಿಯಮದಂತೆ ಜಲ್ಲಿ ಪದರದ ಕೆಳಗಿನ 500 ಮಿಲಿಮೀಟರ್ ಮಣ್ಣು, ಪ್ರಯೋಗಾಲಯದಲ್ಲಿ ಸಿಗುವ ಗರಿಷ್ಠ ಸಾಂದ್ರತೆಯ ಶೇ 97ರಷ್ಟಾದರೂ ಗಟ್ಟಿಯಾಗಬೇಕು. ಊರ ರಸ್ತೆಗಳಿಗೂ ಇಂಥದ್ದೇ ಅಳತೆಗಳಿವೆ. ಗುಂಡಿ ಮುಚ್ಚುವಾಗಲೂ ಪದರ ಪದರವಾಗಿ ಮಣ್ಣು ಹಾಕಿ, ಹದವಾಗಿ ನೀರು ಚಿಮುಕಿಸಿ, ಸಣ್ಣ ಯಂತ್ರದಿಂದ ಕುಟ್ಟಬೇಕು. ಅದರ ಮೇಲೆ ಜಲ್ಲಿ, ಆಮೇಲೆ ಡಾಂಬರು. ಸಾಮಾನ್ಯವಾಗಿ ಆಗುವುದೇನು? ಅಗೆದ ಮಣ್ಣನ್ನೇ ಜೆಸಿಬಿಯಲ್ಲಿ ತಳ್ಳಿ, ಬಕೆಟ್‌ನಿಂದ ನಾಲ್ಕು ಸಲ ಒತ್ತಿ, ಮೇಲೆ ಕಾಂಕ್ರೀಟ್ ಬಳಿಯುತ್ತಾರೆ. ಮೊದಲ ಮಳೆಗೇ ಅಡ್ಡಪಟ್ಟಿ ಒಂದು ಇಂಚು ಇಳಿಯುತ್ತದೆ. ಅಂಚಿನ ಬಿರುಕಿನಲ್ಲಿ ನೀರು ಇಳಿದು ಪಕ್ಕದ ಒಳ್ಳೆಯ ರಸ್ತೆಯನ್ನೂ ಕೆಡಿಸುತ್ತದೆ. ಲೋಡ್ ಲಾರಿ ಅಲ್ಲಿ ಜಿಗಿದಾಗಲೆಲ್ಲ ಕೆಳಗಿನ ಪೈಪಿನ ಜಾಯಿಂಟ್‌ಗೂ ಪೆಟ್ಟು.

ಧರೆಯ ವಿಷಯ ಇನ್ನೂ ದೊಡ್ಡದು. ಮಳೆ ಜಾಸ್ತಿ ಅನ್ನುವುದು ಉತ್ತರವೇ ಅಲ್ಲ. ಮಲೆನಾಡಿನಲ್ಲಿ ಮಳೆ ಜಾಸ್ತಿ ಅಂತ ಟೆಂಡರ್ ಹಾಕುವಾಗಲೇ ಗೊತ್ತಿರುತ್ತದೆ ಅಲ್ವಾ? 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿ ಜರಿಯಿತು. 2024ರ ಜುಲೈನಲ್ಲಿ ಸಕಲೇಶಪುರದ ದೊಡ್ಡತಪ್ಪಲೆ ಬಳಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 75 ಬಂದ್ ಆಯಿತು. ನಮ್ಮ ಕಡೆ ಗುಡ್ಡದ ಮೇಲ್ಭಾಗ ಕೆಂಪು ಜಂಬಿಟ್ಟಿಗೆ ಮಣ್ಣು. ಅದರ ಕೆಳಗೆ ಹಲವು ಕಡೆ ಬಿಳಿ, ಹಳದಿ, ತಿಳಿಗುಲಾಬಿ ಬಣ್ಣದ ಶೇಡಿ ಮಣ್ಣು ಸಿಗುತ್ತದೆ. ಬೇಸಿಗೆಯಲ್ಲಿ ಹಾರೆ ತಾಗಿದರೂ ಗಟ್ಟಿ ಇರುತ್ತದೆ. ನೀರು ಕುಡಿದರೆ ಗಂಜಿಯಂತೆ ಆಗುತ್ತದೆ. ಜುಲೈನಲ್ಲಿ ನೆಲದೊಳಗಿನ ಜಲ ಎದ್ದಾಗ ಈ ಎರಡು ಪದರ ಸೇರುವ ಗೆರೆಯಲ್ಲೇ ನೀರು ಒಸರುತ್ತದೆ. ಮೇಲಿನ ಮಣ್ಣು ಅಲ್ಲಿಂದಲೇ ಜಾರುತ್ತದೆ.

ಇಂಥ ಗುಡ್ಡವನ್ನು ಗೋಡೆಯ ಹಾಗೆ ನೇರ ಕತ್ತರಿಸಿದರೆ ನಿಲ್ಲುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಓರೆಗೆ ಕತ್ತರಿಸಬೇಕು. ಅದಕ್ಕೆ ಜಾಗ ಜಾಸ್ತಿ ಬೇಕು, ಜಾಗಕ್ಕೆ ಪರಿಹಾರ ಜಾಸ್ತಿ ಬೇಕು. ಅಲ್ಲಿ ಉಳಿಸಿದ ಹಣವೇ ಆಮೇಲೆ ನಿಮ್ಮ ತೋಟದ ರೂಪದಲ್ಲಿ ಕೆಳಗೆ ಬರುತ್ತದೆ. ಮೆಟ್ಟಿಲಿಗೆ ಜಾಗವಿಲ್ಲದ ಕಡೆ ತಡೆಗೋಡೆ, ಕಲ್ಲು ತುಂಬಿದ ತಂತಿ ಬಲೆಯ ಗೋಡೆ ಅಥವಾ ಗುಡ್ಡದೊಳಗೆ ಸರಳು ಹೊಡೆದು ಬಿಗಿಯುವ ವಿಧಾನಗಳಿವೆ. ಆದರೆ ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಹೆಚ್ಚು ಮರೆಯುವ ಕೆಲಸವೆಂದರೆ ಧರೆಯ ನೆತ್ತಿಯ ಹಿಂದೆ ತೋಡುವ ಚರಂಡಿ. ಮೇಲಿನ ತೋಟದಿಂದ ಬರುವ ನೀರನ್ನು ಅದು ಕತ್ತರಿಸಿದ ಮುಖಕ್ಕೆ ಇಳಿಯದಂತೆ ಪಕ್ಕಕ್ಕೆ ಒಯ್ಯುತ್ತದೆ. ತಡೆಗೋಡೆ ಇದ್ದರೆ ಅದರಲ್ಲಿ ಬಿಟ್ಟಿರುವ ಪೈಪಿನ ತೂತುಗಳನ್ನು ಜುಲೈನಲ್ಲಿ ನೋಡಿ. ಧರೆ ಒಸರುತ್ತಿದ್ದು ತೂತುಗಳು ಒಣಗಿದ್ದರೆ, ಗೋಡೆಯ ಹಿಂದೆ ಜಲ್ಲಿ ತುಂಬಿಲ್ಲ ಅಥವಾ ತೂತು ಕಟ್ಟಿದೆ ಎಂಬ ಅನುಮಾನ ಬರಬೇಕು. ಆಗ ನೀರಿನ ಭಾರ ಪೂರ್ತಿ ಗೋಡೆಯ ಮೇಲೆಯೇ.

ಕೆಲಸದ ಕಾಲವೂ ಮುಖ್ಯ. ಘಟ್ಟದ ಸೆರಗಿನಲ್ಲಿ ಮಣ್ಣಿನ ಕೆಲಸಕ್ಕೆ ಸಿಗುವುದು ದೀಪಾವಳಿ ಕಳೆದ ಮೇಲಿಂದ ಮೇ ತಿಂಗಳವರೆಗೆ. ಜಾಗ ಬಿಡಿಸಿಕೊಡುವುದು, ಮರ ಕಡಿಯಲು ಅನುಮತಿ, ಕರೆಂಟ್ ಕಂಬ ಸರಿಸುವುದು ಇವೆಲ್ಲ ಮುಗಿಯುವಷ್ಟರಲ್ಲಿ ಫೆಬ್ರವರಿ, ಮಾರ್ಚ್ ಆಗಿರುತ್ತದೆ. ಆಮೇಲೆ ಹಿಟಾಚಿಗಳು ಹಗಲೂ ರಾತ್ರಿ ಗುಡ್ಡ ಕತ್ತರಿಸುತ್ತವೆ. ಕತ್ತರಿಸಿದ್ದಕ್ಕೆ ಬೇಗ ಬಿಲ್ ಆಗುತ್ತದೆ. ಗೋಡೆ, ಚರಂಡಿ ಮುಂದಿನ ವರ್ಷಕ್ಕೆ ಉಳಿಯುತ್ತವೆ. ಜೂನ್‌ನಲ್ಲಿ ಮಳೆ ಹಿಡಿದಾಗ ಗುಡ್ಡ ಬರಿಮೈಯಲ್ಲಿ ನಿಂತಿರುತ್ತದೆ. ಒಂದು ಬೇಸಿಗೆಯಲ್ಲಿ ಎಷ್ಟು ಉದ್ದಕ್ಕೆ ರಕ್ಷಣೆ ಕೊಡಲು ಸಾಧ್ಯವೋ ಅಷ್ಟನ್ನೇ ಕತ್ತರಿಸಬೇಕು ಎಂಬ ಷರತ್ತು ಮಲೆನಾಡಿನ ಪ್ರತಿ ಕರಾರಿನಲ್ಲೂ ಇರಬೇಕು. ಬಯಲುಸೀಮೆಯ ಅರಸೀಕೆರೆಗೂ ಮಲೆನಾಡಿನ ಸಕಲೇಶಪುರಕ್ಕೂ ಒಂದೇ ವೇಳಾಪಟ್ಟಿ ಹಾಕಿದರೆ ಹೇಗೆ?

ಊರಿನ ಗುತ್ತಿಗೆದಾರರ ಬಗ್ಗೆ ನೀವು ಹೇಳಿದ್ದು ನಿಜ. ಹಳ್ಳ ಎಲ್ಲಿ ಉಕ್ಕುತ್ತದೆ, ಜಲ ಎಲ್ಲಿ ಏಳುತ್ತದೆ ಅಂತ ಅವರಿಗೆ ಗೊತ್ತು. ದೊಡ್ಡ ಪ್ಯಾಕೇಜ್‌ಗೆ ಬೇಕಾದ ವಹಿವಾಟು ತೋರಿಸಲಾಗದೆ ಅವರು ಸಬ್ ಕಾಂಟ್ರಾಕ್ಟ್‌ಗೆ ಇಳಿಯುತ್ತಾರೆ. ಅಲ್ಲಿ ರೇಟು ಕಡಿಮೆ, ಬಿಲ್ ತಡ. ಮೋರಿ, ಊರೊಳಗಿನ ಚರಂಡಿ, ಶಾಲೆ ಕಾಂಪೌಂಡ್ ಇಂಥವನ್ನು ಪ್ಯಾಕೇಜ್‌ಗೆ ಸೇರಿಸುವುದು ನನಗೆ ಸರಿ ಕಾಣುವುದಿಲ್ಲ. ಅವಕ್ಕೆ ದೊಡ್ಡ ಕಂಪನಿ ಬೇಕಾಗಿಲ್ಲ.

ಇನ್ನು ನೀವು ಮಾಡಬೇಕಾದದ್ದು. ಮೊದಲು ಜರಿದ ಜಾಗದ ಫೋಟೊ ತೆಗೆದಿಡಿ. ಕಂದಾಯ ಇಲಾಖೆಯವರಿಂದ ಸ್ಥಳ ಮಹಜರು ಮಾಡಿಸಿ, ಹೋದ ಗಿಡಗಳ ಲೆಕ್ಕ ಅದರಲ್ಲಿ ಬರೆಸಿ. ಪರಿಹಾರದ ಅರ್ಜಿಯನ್ನು ಸೈಟಿನ ಮೇಸ್ತ್ರಿಗೆ ಕೊಡಬೇಡಿ. ಕಾಮಗಾರಿಯ ಇಲಾಖೆಯ ಕಾರ್ಯಪಾಲಕ ಇಂಜಿನಿಯರ್‌ಗೆ ಕೊಡಿ, ಅದರ ಒಂದು ಪ್ರತಿಯನ್ನು ಕಂಪನಿಗೆ ಕಳಿಸಿ, ಸ್ವೀಕೃತಿ ಪಡೆಯಿರಿ. ದೊಡ್ಡ ಕಾಮಗಾರಿಗಳಿಗೆ ಸಾಮಾನ್ಯವಾಗಿ ವಿಮೆ ಇರುತ್ತದೆ, ಅದರಲ್ಲಿ ಪಕ್ಕದವರ ಆಸ್ತಿಗೆ ಆದ ಹಾನಿಯೂ ಸೇರಿರಬಹುದು. ಆ ವಿಮೆ ಇದೆಯಾ ಅಂತ ಅರ್ಜಿಯಲ್ಲೇ ಕೇಳಿ.

ಜೊತೆಗೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಇನ್ನೊಂದು ಅರ್ಜಿ ಹಾಕಿ. ಕರಾರಿನ ಪ್ರತಿ, ನಿಮ್ಮ ತೋಟದ ಮುಂದಿನ ಧರೆಯ ನಕ್ಷೆ, ಮಣ್ಣಿನ ಪರೀಕ್ಷೆಯ ವರದಿ, ಕೆಲಸ ಮುಗಿದ ಮೇಲೂ ಕಂಪನಿಯೇ ದೋಷ ಸರಿಪಡಿಸಬೇಕಾದ ಅವಧಿ ಮುಗಿಯುವ ದಿನಾಂಕ ಇಷ್ಟನ್ನು ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಕಾಮಗಾರಿಯನ್ನು ಪರಿಶೀಲಿಸುವುದಕ್ಕೂ ಬಳಸಿದ ಸಾಮಗ್ರಿಯ ಪ್ರಮಾಣಿತ ಮಾದರಿ ಪಡೆಯುವುದಕ್ಕೂ ಅದೇ ಕಾಯ್ದೆಯಲ್ಲಿ ಅವಕಾಶವಿದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. ನಕ್ಷೆಯಲ್ಲಿ ನೆತ್ತಿ ಚರಂಡಿ ಇದ್ದು ಸ್ಥಳದಲ್ಲಿ ಇಲ್ಲದಿದ್ದರೆ ಕೆಲಸ ಬಾಕಿ ಇದೆ ಎಂದರ್ಥ. ನಕ್ಷೆಯಲ್ಲೇ ಇಲ್ಲದಿದ್ದರೆ ವಿನ್ಯಾಸ ಮಾಡಿದವರನ್ನು ಕೇಳಬೇಕು. ಇಪಿಸಿ ಕರಾರಾದರೆ ಅದೂ ಕಂಪನಿಯೇ.

ಆ ಕಾಗದಗಳು ಕೈಗೆ ಬಂದ ಮೇಲೆ ಒಂದು ಪ್ರತಿ ನಮಗೂ ಕಳಿಸಿ. ನಕ್ಷೆ ಓದಬಲ್ಲ ನಿವೃತ್ತ ಇಂಜಿನಿಯರ್ ಒಬ್ಬರನ್ನು ಕರೆದುಕೊಂಡು ನಮ್ಮವರು ನಿಮ್ಮ ತೋಟಕ್ಕೆ ಬರುತ್ತಾರೆ. ಕಂಪನಿಗೂ ಇಲಾಖೆಗೂ ಉತ್ತರ ಹೇಳಲು ಇದೇ ಪುಟಗಳಲ್ಲಿ ಜಾಗ ಕೊಡುತ್ತೇವೆ.

ಸಂಪಾದಕ