ನಮ್ಮ ಸ್ಟಡಿ ಆ್ಯಪ್ ಟಾಕ್‌ಬ್ಯಾಕ್‌ನಲ್ಲಿ (ಪರದೆಯಲ್ಲಿರುವುದನ್ನು ಓದಿ ಹೇಳುವ ಆಂಡ್ರಾಯ್ಡ್‌ನ ಸ್ಕ್ರೀನ್ ರೀಡರ್‌ನಲ್ಲಿ) ಬಳಸಲಾಗುತ್ತಿಲ್ಲ ಅಂತಾರೆ. ಬಟನ್‌ಗಳಿಗೆಲ್ಲ ಲೇಬಲ್ ಹಾಕಿದ್ದೇವೆ, ಇನ್ನೇನು ಬಾಕಿ?

ನೀವು ಬೆಂಗಳೂರಿನಲ್ಲಿ ಮೂವರು ಸೇರಿ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಟಿಇಟಿ (ಶಿಕ್ಷಕರ ಅರ್ಹತಾ) ಪರೀಕ್ಷೆಗಳಿಗೆ ಕನ್ನಡದ ಫ್ಲ್ಯಾಶ್‌ಕಾರ್ಡ್ ಮತ್ತು ಮಾಕ್ ಟೆಸ್ಟ್ ಆ್ಯಪ್ ಮಾಡಿದ್ದೀರಿ, ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಒಟ್ಟಿಗೆ ಆ್ಯಪ್ ಕಟ್ಟುವ ರಿಯಾಕ್ಟ್ ನೇಟಿವ್‌ನಲ್ಲಿ. ಕಣ್ಣು ಕಾಣದ ಅಭ್ಯರ್ಥಿಯೊಬ್ಬರು ಬಳಸಲು ಆಗುತ್ತಿಲ್ಲ ಎಂದು ಬರೆದ ಮೇಲೆ ಎಲ್ಲ ಬಟನ್‌ಗೂ ಲೇಬಲ್ (ಸ್ಕ್ರೀನ್ ರೀಡರ್ ಓದಿ ಹೇಳುವ ಹೆಸರು) ಕೊಟ್ಟಿರಿ, ಆದರೂ ದೂರು ನಿಂತಿಲ್ಲ. ನಿಲ್ಲುವುದೂ ಇಲ್ಲ. ಲೇಬಲ್ ಬೇಕೇ ಬೇಕು, ಆದರೆ ಓದುವ ಆ್ಯಪ್‌ನಲ್ಲಿ ನಿಜವಾದ ತೊಡಕು ಬೇರೆ ಕಡೆ ಇರುತ್ತದೆ: ಯಾವ ಮಾತು ಯಾವಾಗ ಕಿವಿಗೆ ಬೀಳುತ್ತದೆ, ಮತ್ತು ಬಿದ್ದದ್ದು ಕನ್ನಡವಾಗಿ ಕೇಳುತ್ತದೆಯೋ ಇಲ್ಲವೋ.

ಮೊದಲು ಫ್ಲ್ಯಾಶ್‌ಕಾರ್ಡ್ ನೋಡಿ. ಕಾರ್ಡ್ ತಿರುಗುವ ಅನಿಮೇಶನ್‌ಗಾಗಿ ಎರಡು ಮುಖಗಳನ್ನೂ ಒಂದರ ಹಿಂದೊಂದು ಇಟ್ಟಿರುತ್ತೀರಿ. ಹಿಂದಿನ ಮುಖ ಕಣ್ಣಿಗೆ ಕಾಣದಿದ್ದರೂ ಸ್ಕ್ರೀನ್ ರೀಡರ್‌ಗೆ ಅದು ಅಲ್ಲೇ ಇದೆ. ಪ್ರಶ್ನೆ ಓದಿ ಮುಗಿಸಿ, ಒಮ್ಮೆ ಬಲಕ್ಕೆ ಸ್ವೈಪ್ ಮಾಡಿದರೆ ಉತ್ತರವನ್ನೂ ಓದಿಬಿಡುತ್ತದೆ. ಅಲ್ಲಿಗೆ ಅಭ್ಯಾಸದ ಕಥೆ ಮುಗಿಯಿತು. ಆಂಡ್ರಾಯ್ಡ್‌ನಲ್ಲಿ ಮರೆಯಲ್ಲಿರುವ ಮುಖಕ್ಕೆ 'ಇಂಪಾರ್ಟೆಂಟ್ ಫಾರ್ ಆಕ್ಸೆಸಿಬಿಲಿಟಿ'ಯನ್ನು 'ನೋ ಹೈಡ್ ಡಿಸೆಂಡೆಂಟ್ಸ್' ಮಾಡಬೇಕು, ಐಫೋನ್‌ನಲ್ಲಿ 'ಆಕ್ಸೆಸಿಬಿಲಿಟಿ ಎಲಿಮೆಂಟ್ಸ್ ಹಿಡನ್'. ಒಂದು ಇನ್ನೊಂದರ ಕಡೆ ಕೆಲಸ ಮಾಡುವುದಿಲ್ಲ, ಆದ್ದರಿಂದ ಎರಡೂ ಬೇಕು. ಇಷ್ಟು ರಗಳೆಯೇ ಬೇಡ ಎಂದರೆ, ಸ್ಕ್ರೀನ್ ರೀಡರ್ ಆನ್ ಇದ್ದಾಗ ಅನಿಮೇಶನ್ ಬಿಟ್ಟು ಒಂದೇ ಮುಖವನ್ನು ರೆಂಡರ್ ಮಾಡಿ. ನಾನಾದರೆ ಇದನ್ನೇ ಮಾಡುತ್ತೇನೆ.

'ಗೊತ್ತು' ಎಂದರೆ ಬಲಕ್ಕೆ, 'ಗೊತ್ತಿಲ್ಲ' ಎಂದರೆ ಎಡಕ್ಕೆ ಎಳೆಯುವ ಪದ್ಧತಿ ಇದ್ದರೆ ಅದೂ ಇಲ್ಲಿ ನಡೆಯದು. ಟಾಕ್‌ಬ್ಯಾಕ್‌ನಲ್ಲಿ ಒಂದು ಬೆರಳಿನ ಸ್ವೈಪ್ ಎಂದರೆ ಮುಂದಿನ ಅಥವಾ ಹಿಂದಿನ ಐಟಂಗೆ ಹೋಗುವುದು. ಕಾರ್ಡ್ ಕೆಳಗೆ ಎರಡು ನಿಜವಾದ ಬಟನ್ ಇಡಿ, ಆಂಡ್ರಾಯ್ಡ್‌ನ ಮಾರ್ಗಸೂಚಿಯಂತೆ ಕನಿಷ್ಠ 48 ಡಿಪಿ (ಆಂಡ್ರಾಯ್ಡ್ ಪರದೆಯ ಅಳತೆಯ ಮಾನ) ಅಳತೆಯಲ್ಲಿ. ಜೊತೆಗೆ ಕಾರ್ಡ್‌ಗೇ ಕಸ್ಟಮ್ ಆ್ಯಕ್ಷನ್ (ಸ್ಕ್ರೀನ್ ರೀಡರ್‌ನ ಮೆನುವಿನಿಂದ ಆರಿಸುವ ಕ್ರಿಯೆ) ಕೊಟ್ಟರೆ ಪಳಗಿದವರಿಗೆ ವೇಗ ಸಿಗುತ್ತದೆ. ಇನ್ನೊಂದು: ಇಡೀ ಕಾರ್ಡನ್ನು ಒಂದೇ ಪ್ರೆಸಬಲ್ (ಒತ್ತಬಹುದಾದ ಎಲಿಮೆಂಟ್) ಮಾಡಿ ಅದರೊಳಗೆ 'ಆಡಿಯೊ ಕೇಳಿ' ಬಟನ್ ಇಟ್ಟಿದ್ದರೆ, ಐಫೋನ್‌ನ ಸ್ಕ್ರೀನ್ ರೀಡರ್ ಆದ ವಾಯ್ಸ್‌ಓವರ್‌ಗೆ ಆ ಒಳಗಿನ ಬಟನ್ ಸಿಗುವುದಿಲ್ಲ. ಅದನ್ನು ಹೊರಗೆ ತನ್ನಿ.

ಮಾಕ್ ಟೆಸ್ಟ್‌ನಲ್ಲಿ ಕಾಡುವುದು ಫೋಕಸ್, ಅಂದರೆ ಸ್ಕ್ರೀನ್ ರೀಡರ್ ಈಗ ಪರದೆಯ ಯಾವ ಐಟಂ ಮೇಲಿದೆ ಎಂಬುದು. 'ಮುಂದಿನ ಪ್ರಶ್ನೆ' ಒತ್ತಿದಾಗ ಪರದೆ ಬದಲಾಗುತ್ತದೆ, ಫೋಕಸ್ ಹೋಗಿ ಮೇಲಿನ ಬ್ಯಾಕ್ ಬಟನ್ ಮೇಲೆ ಕೂರುತ್ತದೆ. ಬಳಸುವವರು ಮೆನು, ಟೈಮರ್, ಬುಕ್‌ಮಾರ್ಕ್ ಎಲ್ಲ ದಾಟಿಕೊಂಡು ಮತ್ತೆ ಪ್ರಶ್ನೆಗೆ ಬರಬೇಕು, ಅದೂ ನೂರು ಪ್ರಶ್ನೆಗಳಿಗೆ ನೂರು ಸಲ. ಹೊಸ ಪ್ರಶ್ನೆ ಬಂದ ಮೇಲೆ ಫೋಕಸನ್ನು ನೀವೇ ಪ್ರಶ್ನೆಯ ಮೇಲಿಡಿ. ತಕ್ಷಣ ಇಟ್ಟರೆ ಆ ಎಲಿಮೆಂಟ್ ಇನ್ನೂ ಪರದೆಗೆ ಬಂದೇ ಇರುವುದಿಲ್ಲ, ಅನಿಮೇಶನ್ ಮುಗಿಯುವವರೆಗೆ ಕಾಯಿರಿ. ಉತ್ತರ ಸರಿಯೋ ತಪ್ಪೋ ಎಂಬುದನ್ನು ಹಸಿರು, ಕೆಂಪು ಬಣ್ಣದಲ್ಲಷ್ಟೇ ತೋರಿಸಿದರೆ ಆಗದು, ಪದದಲ್ಲಿ ಬರಬೇಕು. ಅದನ್ನು ಅನೌನ್ಸ್ ಮಾಡಿ, ಅದೇ ಹೊತ್ತಿಗೆ ಫೋಕಸನ್ನೂ ಬೇರೆಡೆಗೆ ಒಯ್ದರೆ ಎರಡನೆಯ ಮಾತು ಮೊದಲನೆಯದನ್ನು ನುಂಗಿಹಾಕುತ್ತದೆ. 'ತಪ್ಪು. ಸರಿ ಉತ್ತರ: ಆಯ್ಕೆ 3, ತಲಕಾಡು' ಎಂದು ಒಂದು ಸಾಲು ಬರೆದು ಫೋಕಸನ್ನು ಅಲ್ಲಿಗೇ ತನ್ನಿ. ಆಯ್ಕೆಗಳಿಗೆ ರೇಡಿಯೊ ರೋಲ್ (ಹಲವರಲ್ಲಿ ಒಂದನ್ನು ಆರಿಸುವ ಬಟನ್ ಎಂಬ ಗುರುತು) ಮತ್ತು ಚೆಕ್ಡ್ ಸ್ಟೇಟ್ (ಆರಿಸಿದೆಯೋ ಇಲ್ಲವೋ ಎಂಬುದು) ಕೊಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಯಾವುದನ್ನು ಆರಿಸಿದ್ದೇವೆ ಎಂಬುದೇ ತಿಳಿಯುವುದಿಲ್ಲ.

ಟೈಮರನ್ನು ಲೈವ್ ರೀಜನ್ (ಬದಲಾದಾಗಲೆಲ್ಲ ತಾನಾಗಿ ಓದಿಸಿಕೊಳ್ಳುವ ಭಾಗ) ಮಾಡಿದ್ದರೆ ಇಂದೇ ತೆಗೆಯಿರಿ. ಪ್ರತಿ ಸೆಕೆಂಡ್ ಅದೇ ಮಾತಾಡುತ್ತಿದ್ದರೆ ಪ್ರಶ್ನೆ ಕೇಳುವುದು ಯಾವಾಗ? 10, 5 ಮತ್ತು 1 ನಿಮಿಷ ಉಳಿದಾಗ ಒಂದೊಂದು ಸಲ ಹೇಳಿದರೆ ಸಾಕು, ಉಳಿದಂತೆ ಮುಟ್ಟಿದಾಗ ಹೇಳಲಿ. ಹೆಚ್ಚುವರಿ ಸಮಯದ ಸೆಟ್ಟಿಂಗ್ ಕೂಡ ಬೇಕು. ಅಂಗವಿಕಲ ಅಭ್ಯರ್ಥಿಗಳ ಲಿಖಿತ ಪರೀಕ್ಷೆಗೆ ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಪರಿಹಾರ ಸಮಯವಿದೆ, ಅಂದರೆ 90 ನಿಮಿಷದ ಪೇಪರ್ 120 ನಿಮಿಷವಾಗುತ್ತದೆ. ಮಾಕ್ ಟೆಸ್ಟ್‌ನಲ್ಲಿ ಈ ಲೆಕ್ಕ ಇಲ್ಲದಿದ್ದರೆ ಅದು ಅವರು ಬರೆಯುವ ಪರೀಕ್ಷೆಯ ಮಾಕ್ ಅಲ್ಲವೇ ಅಲ್ಲ.

ಇನ್ನು ಕನ್ನಡದ ವಿಷಯ. ಇಂಗ್ಲಿಷ್‌ನ ಯಾವ ಗೈಡ್‌ನಲ್ಲೂ ಇದು ಸಿಗುವುದಿಲ್ಲ.

ವಿಜಯನಗರ, ಚಂದ್ರಾ ಲೇಔಟ್ ಕಡೆಯ ಕೋಚಿಂಗ್ ನೋಟ್ಸ್, ಹಳೆಯ ಪ್ರಶ್ನೆಪತ್ರಿಕೆ ಎಂದರೆ ಸ್ಕ್ಯಾನ್ ಮಾಡಿದ ಚಿತ್ರ ಇರಬಹುದು, ಇಲ್ಲವೇ ಕನ್ನಡ ಟೈಪಿಂಗ್ ತಂತ್ರಾಂಶ 'ನುಡಿ'ಯ ಹಳೆಯ ಆಸ್ಕಿ (ಯುನಿಕೋಡ್ ಅಲ್ಲದ) ಫಾಂಟ್‌ನ ಪಠ್ಯ. ನುಡಿ ಫಾಂಟ್‌ನಲ್ಲಿ 'ಕನ್ನಡ' ಎಂದು ಕಾಣುವ ಪದದೊಳಗೆ ಇರುವುದು ಲ್ಯಾಟಿನ್ ಅಕ್ಷರ. ಸ್ಕ್ರೀನ್ ರೀಡರ್ ಅದನ್ನು 'ಪಿ, ಎ ಗ್ರೇವ್, ಪೌಂಡ್' ಎಂದು ಶುರುಮಾಡುತ್ತದೆ. ಎಲ್ಲವನ್ನೂ ಯುನಿಕೋಡ್‌ಗೆ ತನ್ನಿ. ಇಡೀ ಕಡತವನ್ನು ಒಟ್ಟಿಗೆ ಕನ್ವರ್ಟರ್‌ಗೆ ಸುರಿದರೆ ನಡುವಿನ ಇಂಗ್ಲಿಷ್ ಪದಗಳೂ ಅರ್ಥವಿಲ್ಲದ ಕನ್ನಡವಾಗುತ್ತವೆ, ಏಕೆಂದರೆ ಎರಡಕ್ಕೂ ಕೋಡ್ ಒಂದೇ, ಬೇರೆಯಾಗಿರುವುದು ಫಾಂಟ್ ಮಾತ್ರ. ಫಾಂಟ್ ಹೆಸರು ನೋಡಿ ನುಡಿಯ ಭಾಗವನ್ನಷ್ಟೇ ಬದಲಿಸಿ, ಆಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಾರೆ ಪರಿಶೀಲಿಸಿ.

'ಬಿಟ್ಟ ಸ್ಥಳ ತುಂಬಿ'ಯಲ್ಲಿ ಎಳೆದ ಗೆರೆಯನ್ನು ಕೆಲವು ಸೆಟ್ಟಿಂಗ್‌ಗಳಲ್ಲಿ 'ಅಂಡರ್‌ಸ್ಕೋರ್ ಅಂಡರ್‌ಸ್ಕೋರ್' ಎಂದು ಓದುತ್ತದೆ, ಕೆಲವದರಲ್ಲಿ ಓದುವುದೇ ಇಲ್ಲ, ವಾಕ್ಯ ಪೂರ್ತಿ ಇದ್ದಂತೆ ಕೇಳುತ್ತದೆ. ಲೇಬಲ್‌ನಲ್ಲಿ ಆ ಜಾಗಕ್ಕೆ 'ಖಾಲಿ ಜಾಗ' ಎಂದು ಹಾಕಿ. ಆಯ್ಕೆಗಳಿಗೆ ಅ, ಆ, ಇ, ಈ ಬೇಡ. ವೇಗ ಹೆಚ್ಚಿಸಿಕೊಂಡು ಕೇಳುವವರಿಗೆ ಹ್ರಸ್ವ ಯಾವುದು, ದೀರ್ಘ ಯಾವುದು ಗೊತ್ತಾಗದು. 1, 2, 3, 4 ಇರಲಿ. 'ಹೊಂದಿಸಿ ಬರೆಯಿರಿ'ಯಲ್ಲಿ ಎಳೆದು ಬಿಡುವುದರ ಬದಲು ಎಡಪಟ್ಟಿಯ ಪ್ರತಿಯೊಂದಕ್ಕೂ ಒಂದು ಡ್ರಾಪ್‌ಡೌನ್ ಕೊಡಿ.

ಶುದ್ಧ ರೂಪ ಆರಿಸುವ ಪ್ರಶ್ನೆಗಳು ಇನ್ನೂ ಸೂಕ್ಷ್ಮ. 'ವಿಶೇಷ', 'ವಿಷೇಶ' ಎರಡೂ ಒಂದೇ ತರಹ ಕೇಳಿದರೆ ಉತ್ತರಿಸುವುದು ಹೇಗೆ? ಪದ ಪಠ್ಯವಾಗಿದ್ದರೆ ಒಂದೊಂದೇ ಅಕ್ಷರವಾಗಿ ಓದಿಸಿಕೊಳ್ಳಬಹುದು, ಆದರೆ ಕೆಲವು ದನಿಗಳಲ್ಲಿ ಬಿಡಿ ಶ, ಷ ಕೂಡ ಒಂದೇ. 'ಬಿಡಿಸಿ ಓದು' ಎಂಬ ಆ್ಯಕ್ಷನ್ ಇಟ್ಟು 'ಶಂಕರನ ಶ, ಷಣ್ಮುಖನ ಷ' ಎಂದು ಹೇಳಿಸಿ.

ಟಿಟಿಎಸ್ (ಪಠ್ಯವನ್ನು ದನಿಯಾಗಿಸುವ ಎಂಜಿನ್) ಇಂಗ್ಲಿಷ್‌ಗೆ ಹೊಂದಿಸಿದ್ದರೆ ಕೆಲವು ಎಂಜಿನ್‌ಗಳು ಕನ್ನಡ ಬಂದ ಕೂಡಲೇ ಮೌನವಾಗುತ್ತವೆ. ಐಫೋನ್‌ಗಾಗಿ 'ಆಕ್ಸೆಸಿಬಿಲಿಟಿ ಲ್ಯಾಂಗ್ವೇಜ್' ಕನ್ನಡ ಎಂದು ಕೊಡಿ, ವೆಬ್ ಆವೃತ್ತಿಗೆ ಭಾಷೆ ಯಾವುದೆಂದು ಹೇಳುವ ಎಚ್‌ಟಿಎಂಎಲ್‌ನ 'ಲ್ಯಾಂಗ್' ಗುಣವನ್ನು ಹಾಕಿ. ಆಂಡ್ರಾಯ್ಡ್‌ನವರಿಗೆ ಸಹಾಯ ಪುಟದಲ್ಲಿ ಕನ್ನಡ ದನಿ ಹೊಂದಿಸುವ ಹಂತ ಬರೆಯಿರಿ. ಗಣಿತದ ಸೂತ್ರಗಳ ಚಿತ್ರಕ್ಕೆ 'ಎಕ್ಸ್ ವರ್ಗ, ಪ್ಲಸ್ 5 ಎಕ್ಸ್' ಎಂದು ಬಿಡಿಸಿ ಬರೆದ ಲೇಬಲ್ ಸಾಕು.

ಪರೀಕ್ಷಿಸಲು ಗೂಗಲ್‌ನ ಆಕ್ಸೆಸಿಬಿಲಿಟಿ ಸ್ಕ್ಯಾನರ್ ಲೇಬಲ್, ಅಳತೆ, ಬಣ್ಣದ ತಪ್ಪು ಹಿಡಿಯುತ್ತದೆ. ಉತ್ತರ ಮೊದಲೇ ಸೋರುವುದು, ಫೋಕಸ್ ಕಳೆಯುವುದು ಅದಕ್ಕೆ ತಿಳಿಯದು. ಟಾಕ್‌ಬ್ಯಾಕ್ ಹಾಕಿ, ಪರದೆ ಮರೆಮಾಡಿ ನೀವೇ ಒಂದು ಟೆಸ್ಟ್ ಬರೆಯಿರಿ. ಆಮೇಲೆ ದಿನವೂ ಬಳಸುವವರಿಗೆ ಕೊಡಿ: ಕಣ್ಣು ಕಾಣದವರಿಗಾಗಿ ಕೆಲಸ ಮಾಡುವ ಸಂಸ್ಥೆಗಳಲ್ಲಿ ಎಚ್‌ಎಸ್‌ಆರ್ ಲೇಔಟ್‌ನಲ್ಲಿ ಸಮರ್ಥನಂ, ಮಿತ್ರಜ್ಯೋತಿ ಇವೆ, ಜೀವನ್ ಬಿಮಾ ನಗರದಲ್ಲಿ ಎನ್‌ಎಬಿ (ನ್ಯಾಷನಲ್ ಅಸೋಸಿಯೇಷನ್ ಫಾರ್ ದ ಬ್ಲೈಂಡ್) ಇದೆ, ವಿಚಾರಿಸಿ ನೋಡಿ. ದೂರು ಬರೆದ ಆ ಅಭ್ಯರ್ಥಿಯನ್ನೂ ಕರೆಯಿರಿ. ಅವರ ಸಮಯಕ್ಕೆ ದುಡ್ಡು ಕೊಡಿ, ಇಪ್ಪತ್ತು ಪ್ರಶ್ನೆ ಮಾಡಲು ಹೇಳಿ. ಮಧ್ಯೆ 'ಅಲ್ಲಿ ಕೆಳಗಿದೆ ನೋಡಿ' ಎಂದು ಬಾಯಿ ಹಾಕದೆ, ಎಲ್ಲಿ ನಿಂತರು, ಎಲ್ಲಿ ಹಿಂದೆ ಹೋದರು ಅಷ್ಟನ್ನೇ ಬರೆದುಕೊಳ್ಳಿ.