ಕ್ಷಮೆ ಕೇಳಬೇಕು, ಆದರೆ ಯಾರಲ್ಲಿ?

ಪ್ರಶ್ನೆ: ನಾನು ದಾವಣಗೆರೆಯವನು, ವಯಸ್ಸು 24. ಕಥೋಲಿಕ ಕುಟುಂಬ. ಕ್ರಿಸ್‌ಮಸ್ ಕಾರ್ಯಕ್ರಮಕ್ಕೆ ನಮ್ಮ ಚರ್ಚಿನ ಹುಡುಗರು ಸೇರಿ ಒಂದು ನಾಟಕ ಆಡಿದೆವು. ಬರೆದವನು ನಾನು. ಯೇಸುಸ್ವಾಮಿ ಐದು ರೊಟ್ಟಿ, ಎರಡು ಮೀನು ಹಿಡಿದು ನಮ್ಮೂರಿನ ಹೈಸ್ಕೂಲ್ ಮೈದಾನಕ್ಕೆ ಬರುತ್ತಾರೆ. ಹಂಚಲು ಹೊರಟರೆ ಅಧಿಕಾರಿ 'ಇವರಿಗೆಲ್ಲ ಬಿಪಿಎಲ್ ಕಾರ್ಡ್ ಇದೆಯಾ?' ಎನ್ನುತ್ತಾನೆ. ರಾಜಕಾರಣಿ ರೊಟ್ಟಿ ಬುಟ್ಟಿಗೆ ತನ್ನ ಫೋಟೊ ಅಂಟಿಸುತ್ತಾನೆ. ಸಾಹುಕಾರ 'ಬಿಟ್ಟಿ ಕೊಟ್ಟು ಜನರನ್ನು ಸೋಮಾರಿ ಮಾಡ್ತಿದ್ದೀಯ' ಎಂದು ಯೇಸುವಿಗೇ ಬುದ್ಧಿ ಹೇಳುತ್ತಾನೆ. ಜನ ತುಂಬಾ ನಕ್ಕರು. ಮರುದಿನ ಹಿರಿಯರು ಕರೆಸಿ, 'ದೇವರ ಜಾಗದಲ್ಲಿ ರಾಜಕೀಯ ಯಾಕೆ? ನಾವಿರುವುದೇ ನಾಲ್ಕು ಜನ, ಸುಮ್ನೆ ತೊಂದರೆ ತರಬೇಡಿ' ಎಂದರು. ಸಾಹುಕಾರನ ಪಾತ್ರ ತನ್ನ ಮೇಲೇ ಬರೆದದ್ದು ಎಂದು ಒಬ್ಬ ವ್ಯಾಪಾರಿ ಸಿಟ್ಟಾಗಿದ್ದಾರೆ. 'ದುಡಿಯದವನು ಉಣ್ಣಬಾರದು ಅಂತ ಪೌಲರೇ ಹೇಳಿದ್ದಾರೆ' ಎಂದು ಬೈದರು. ಭಾನುವಾರ ಪೂಜೆ ಮುಗಿದ ಮೇಲೆ ಎಲ್ಲರ ಮುಂದೆ ಕ್ಷಮೆ ಕೇಳಬೇಕಂತೆ. ಅಪ್ಪ ಪಾಲನಾ ಸಮಿತಿಯಲ್ಲಿದ್ದಾರೆ, 'ಕೇಳಿ ಮುಗಿಸು' ಎನ್ನುತ್ತಾರೆ. ಇನ್ನೊಂದು ವಿಷಯ. ರೊಟ್ಟಿಗೆ ನೂಕಾಡುವ ಹೆಂಗಸಿನ ಪಾತ್ರವೂ ಇತ್ತು. ನಮ್ಮ ಚರ್ಚಿಗೆ ಬರುವ, ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಅಕ್ಕ ಒಬ್ಬರ ಹಾಗೆ ನಮ್ಮ ಹುಡುಗ ಮಾತಾಡಿ ತೋರಿಸಿದ. ಅಷ್ಟೇ ತುಣುಕು ವಾಟ್ಸ್ಯಾಪ್‌ನಲ್ಲಿ ಓಡಾಡುತ್ತಿದೆ. ಆ ಅಕ್ಕ ಆಮೇಲೆ ಪೂಜೆಗೆ ಬಂದಿಲ್ಲ. ನಾನು ಕ್ಷಮೆ ಕೇಳಬೇಕೆ?

ಉತ್ತರ: ಆ ಅಕ್ಕನ ವಿಷಯವನ್ನು ನೀವು ಕೊನೆಗೆ ಬರೆದಿದ್ದೀರಿ. ನನಗೆ ಅದೇ ಮೊದಲು ಕಾಣುತ್ತಿದೆ. ಹೌದು, ಕ್ಷಮೆ ಕೇಳಿ. ಅವರಲ್ಲಿ ಕೇಳಿ.

ಹಿರಿಯರ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ನಾಟಕ. ದೊಡ್ಡವರನ್ನು ಅಣಕಿಸುವುದು ನಂಬಿಕೆಗೆ ದೂರ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬೈಬಲ್ ತುಂಬ ಅದೇ ಇದೆ. ಬಾಳ್ ದೇವರ ಪ್ರವಾದಿಗಳು ಕೂಗಿ ಕೂಗಿ ಸುಸ್ತಾದಾಗ, 'ಇನ್ನೂ ಜೋರಾಗಿ ಕೂಗಿ, ನಿಮ್ಮ ದೇವರು ಮಲಗಿರಬೇಕು' ಎಂದು ಎಲೀಯ ಛೇಡಿಸಿದ. ಯೇಸು ಹೆರೋದ ಅರಸನನ್ನು ನರಿ ಎಂದು ಕರೆದರು. ಸೊಳ್ಳೆ ಸೋಸಿ ಒಂಟೆ ನುಂಗುವವರು ಎಂದು ಧರ್ಮದ ಮುಖಂಡರಿಗೆ ಮುಖಕ್ಕೇ ಹೇಳಿದರು. ಒಂಟೆ ಸೂಜಿಕಣ್ಣಲ್ಲಿ ನುಗ್ಗುವುದು ಸುಲಭ, ಸಿರಿವಂತ ಸ್ವರ್ಗ ಸೇರುವುದು ಕಷ್ಟ ಎಂಬ ಮಾತು ಕೇಳಿ ಶಿಷ್ಯರೇ ಬೆಚ್ಚಿದರು. ಇನ್ನು ಮಾತೆ ಮರಿಯಳ ಹಾಡು. ಸಿಸ್ಟರ್‌ಗಳು, ಫಾದರ್‌ಗಳು ದಿನಾ ಸಂಜೆಯ ಪ್ರಾರ್ಥನೆಯಲ್ಲಿ ಹೇಳುವ ಹಾಡು ಅದು. ದೇವರು ಬಲಿಷ್ಠರನ್ನು ಗದ್ದುಗೆಯಿಂದ ಇಳಿಸಿದ, ಹಸಿದವರ ಹೊಟ್ಟೆ ತುಂಬಿಸಿದ, ಸಿರಿವಂತರನ್ನು ಬರಿಗೈಯಲ್ಲಿ ಕಳಿಸಿದ ಎನ್ನುತ್ತಾಳೆ ಆ ತಾಯಿ. ದೇವರ ಜಾಗದಲ್ಲಿ ಈ ಮಾತು ಬೇಡ ಎಂದರೆ ಕ್ರಿಸ್‌ಮಸ್ ಕತೆಯಲ್ಲಿ ಎಷ್ಟು ಉಳಿಯುತ್ತದೆ?

ನಿಮ್ಮಂಥ ಬರಹಗಾರರು ಮತ್ತೆ ಮತ್ತೆ ಓದಬೇಕಾದದ್ದು ನಾತಾನನ ಕತೆ. ದಾವೀದ ಅರಸ ಇನ್ನೊಬ್ಬನ ಹೆಂಡತಿಯನ್ನು ತನ್ನವಳಾಗಿಸಿಕೊಂಡು, ಆಕೆಯ ಗಂಡ ಯುದ್ಧದಲ್ಲಿ ಸಾಯುವಂತೆ ಮಾಡಿದ್ದ. ಪ್ರವಾದಿ ನಾತಾನ ಅರಮನೆಗೆ ಹೋದ. ಬೈಯಲಿಲ್ಲ, ಒಂದು ಕತೆ ಹೇಳಿದ. ಒಂದೂರಲ್ಲಿ ಸಾಹುಕಾರ, ಅವನಿಗೆ ದಂಡಿಯಾಗಿ ಕುರಿ. ಅದೇ ಊರಲ್ಲಿ ಬಡವ, ಅವನಿಗೆ ಒಂದೇ ಕುರಿಮರಿ. ಅದು ಅವನ ತಟ್ಟೆಯಲ್ಲೇ ಉಣ್ಣುತ್ತಿತ್ತು, ಅವನ ಮಡಿಲಲ್ಲಿ ಮಲಗುತ್ತಿತ್ತು, ಮನೆ ಮಗಳ ಹಾಗೆ ಇತ್ತು. ಸಾಹುಕಾರನ ಮನೆಗೆ ನೆಂಟ ಬಂದ. ತನ್ನ ಕುರಿ ಕೊಯ್ಯಲು ಮನಸ್ಸಾಗದೆ, ಬಡವನ ಮರಿಯನ್ನು ಹಿಡಿದು ತಂದು ಅಡುಗೆ ಮಾಡಿಸಿದ. ದಾವೀದನಿಗೆ ಸಿಟ್ಟು ನೆತ್ತಿಗೇರಿತು. ಅಂಥವನು ಸಾಯಬೇಕು ಎಂದ. ಆಗ ನಾತಾನ, 'ಆ ಮನುಷ್ಯ ನೀನೇ' ಎಂದ.

ಈ ಕತೆಯಲ್ಲಿ ಬಡವನನ್ನು ಹೇಗೆ ತೋರಿಸಿದ್ದಾನೆ ನೋಡಿ. ಅವನ ಬಟ್ಟೆ, ಭಾಷೆ, ಹಸಿವು ಯಾವುದೂ ನಗೆಯ ವಸ್ತು ಆಗಿಲ್ಲ. ಅವನ ಪ್ರೀತಿ ಮಾತ್ರ ಕಾಣುತ್ತದೆ. ಪೆಟ್ಟು ಬಿದ್ದದ್ದು ಸಿಂಹಾಸನದ ಮೇಲೆ ಕೂತವನಿಗೆ. ಅದೂ ಎದುರಿಗೆ ನಿಂತು, ತಲೆ ಹೋಗುವ ಅಪಾಯ ಇಟ್ಟುಕೊಂಡು.

ನಿಮ್ಮ ಅಧಿಕಾರಿ, ರಾಜಕಾರಣಿ, ಸಾಹುಕಾರ ಮೂವರೂ ಈ ದಾರಿಯಲ್ಲೇ ಇದ್ದಾರೆ. ಫೋಟೊ ಅಂಟಿಸುವವನು ಒಂದು ಪಕ್ಷದವನಲ್ಲ, ಎಲ್ಲ ಪಕ್ಷದವರಿಗೂ ಹೊಂದುತ್ತಾನೆ, ಅದು ನನಗೆ ಇಷ್ಟವಾಯಿತು. ನೂಕಾಡುವ ಹೆಂಗಸಿನ ದೃಶ್ಯ ಮಾತ್ರ ಎಡವಿತು. ಅಲ್ಲಿ ಜನ ನಕ್ಕದ್ದು ಅಧಿಕಾರ ಕಂಡಲ್ಲ, ಹಸಿವು ಕಂಡು. ಭಟ್ಟಿಯ ಬಿಸಿ, ಹೊಗೆಯಲ್ಲಿ ದುಡಿದು ಬರುವ ಹೆಂಗಸು ಭಾನುವಾರ ಒಂದು ಒಳ್ಳೆ ಸೀರೆ ಉಟ್ಟು ಎಲ್ಲರ ಜೊತೆ ಸಮನಾಗಿ ಕೂರುವ ಜಾಗ ಚರ್ಚು. ಆ ಜಾಗದಲ್ಲೇ ತನ್ನ ಮಾತು ಕೇಳಿ ಎಲ್ಲರೂ ನಕ್ಕರೆ ಅವರು ಮತ್ತೆ ಯಾವ ಧೈರ್ಯದಿಂದ ಬರಬೇಕು? ಬೇಸರದ ಸಂಗತಿ ಏನೆಂದರೆ, ಹಿರಿಯರ ದೂರಿನಲ್ಲೂ ಅವರ ಹೆಸರಿಲ್ಲ.

ಈಗ ಪೌಲರ ಮಾತು. ಆ ವ್ಯಾಪಾರಿ ಸುಳ್ಳು ಹೇಳಿಲ್ಲ, ಬೈಬಲ್ಲಿನಲ್ಲಿ ಸಂತ ಪೌಲರು ಥೆಸಲೋನಿಕ ಊರಿನ ಕ್ರೈಸ್ತರಿಗೆ ಬರೆದ ಎರಡನೇ ಪತ್ರದಲ್ಲಿ ಅದು ಇದೆ. ಮುಂದಿನ ಸಾಲನ್ನೂ ಓದಬೇಕಿತ್ತು. ಕೆಲಸ ಬಿಟ್ಟು ಕಂಡವರ ವಿಷಯಕ್ಕೆ ತಲೆ ಹಾಕುತ್ತಾ ತಿರುಗುವವರ ಬಗ್ಗೆ ಪೌಲರು ಬರೆದರು. ಕೆಲಸ ಸಿಗದವರ ಬಗ್ಗೆ ಅಲ್ಲ, ದುಡಿದರೂ ಹೊಟ್ಟೆ ತುಂಬದವರ ಬಗ್ಗೆಯಂತೂ ಅಲ್ಲವೇ ಅಲ್ಲ. ದಾವಣಗೆರೆಯಲ್ಲಿ ಕೂತು ಇದನ್ನು ಮರೆಯಬಾರದು. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿದ ಊರು ಇದು. ಹತ್ತಿ ಗಿರಣಿಗಳು ಮುಚ್ಚಿದಾಗ ಕೆಲಸ ಕಳಕೊಂಡವರಿಗೆ ದುಡಿಯುವ ಮನಸ್ಸು ಇರಲಿಲ್ಲವೆ? ಯೇಸು ಹೇಳಿದ ದ್ರಾಕ್ಷಿ ತೋಟದ ಕತೆಯಲ್ಲಿ ಸಂಜೆವರೆಗೂ ಸಂತೆ ಬೀದಿಯಲ್ಲಿ ನಿಂತವರನ್ನು 'ಯಾಕೆ ಸುಮ್ಮನೆ ನಿಂತಿದ್ದೀರಿ?' ಎಂದು ಯಜಮಾನ ಕೇಳುತ್ತಾನೆ. 'ನಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ' ಎನ್ನುತ್ತಾರೆ. ಒಂದೇ ಗಂಟೆ ದುಡಿದರೂ ಅವರಿಗೆ ಇಡೀ ದಿನದ ಕೂಲಿ ಸಿಗುತ್ತದೆ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಕೂಲಿಗಾಗಿ ರಸ್ತೆ ಬದಿ ನಿಲ್ಲುವವರನ್ನು ಕಂಡಿದ್ದರೆ ಈ ಕತೆಗೆ ವ್ಯಾಖ್ಯಾನ ಬೇಕಿಲ್ಲ.

ಬಿಟ್ಟಿ ಎಂಬ ಮಾತೂ ನನಗೆ ನೋವು ಕೊಡುತ್ತದೆ. ಪಡಿತರ ಯಾರ ಭಿಕ್ಷೆಯೂ ಅಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಲ್ಲಿ ಆದ್ಯತಾ ಕುಟುಂಬದ ತಲಾ ಒಬ್ಬರಿಗೆ ತಿಂಗಳಿಗೆ 5 ಕೆಜಿ, ಅಂತ್ಯೋದಯ ಕುಟುಂಬಕ್ಕೆ 35 ಕೆಜಿ ಧಾನ್ಯ ಹಕ್ಕು. ಬೈಬಲ್ಲಿನ ಕಾನೂನೂ ಹೀಗೇ ಮಾತಾಡುತ್ತದೆ. ಹೊಲದ ಅಂಚನ್ನು ಪೂರ್ತಿ ಕೊಯ್ಯಬೇಡಿ, ಹಕ್ಕಲು ಆಯಬೇಡಿ, ಅದು ಬಡವರಿಗೂ ಪರದೇಶಿಗಳಿಗೂ ಸೇರಿದ್ದು ಎನ್ನುತ್ತದೆ ಯಾಜಕಕಾಂಡ. ಮನಸ್ಸಾದರೆ ಕೊಡಿ ಎಂದು ಹೇಳಿಲ್ಲ. ಹಾಗೆ ಹಕ್ಕಲು ಆಯ್ದು ಅತ್ತೆಯನ್ನು ಸಾಕಿದ ವಿಧವೆ ರೂತಳು ದಾವೀದನ ಮುತ್ತಜ್ಜಿ. ಮತ್ತಾಯನ ಶುಭಸಂದೇಶದ ಮೊದಲ ಅಧ್ಯಾಯದಲ್ಲಿ, ಯೇಸುವಿನ ವಂಶಾವಳಿಯಲ್ಲೇ ಆಕೆಯ ಹೆಸರಿದೆ.

ಹಿರಿಯರ ಭಯವನ್ನು ಮಾತ್ರ ಹಗುರವಾಗಿ ನೋಡಬೇಡಿ. 2022ರ ಮತಾಂತರ ತಡೆ ಕಾನೂನಿನಲ್ಲಿ ಉಡುಗೊರೆ, ಹಣ, ಉಚಿತ ಶಿಕ್ಷಣವೂ ಆಮಿಷದ ಪಟ್ಟಿಯಲ್ಲಿ ಬಂತು. ಬಡವರಿಗೆ ಏನಾದರೂ ಕೊಡಲು ಹೋದರೆ ಅನುಮಾನ ಬರುತ್ತದೆ ಎಂಬ ಅಳುಕು ಅವರಿಗೆ ಸುಮ್ಮನೆ ಬಂದದ್ದಲ್ಲ. ಅಪ್ಪ 'ಮುಗಿಸು' ಎನ್ನುವುದರ ಹಿಂದೆ ಮಗನಿಗೆ ಏನೂ ಆಗದಿರಲಿ ಎಂಬ ಆಸೆ ಇದೆ. ಅವರ ಜೊತೆ ವಾದ ಗೆಲ್ಲಲು ಹೋಗಬೇಡಿ. ಚರ್ಚಿನ ವೇದಿಕೆಯಲ್ಲಿ ಏನು ನಡೆಯಬೇಕು ಎಂದು ಕೇಳುವ ಹಕ್ಕು ಸಮಿತಿಗೆ ಇದೆ. ಮುಂದಿನ ಸಲ ನಾಟಕವನ್ನು ಮೊದಲೇ ಓದಿ ತೋರಿಸುತ್ತೇವೆ ಎಂದು ಒಪ್ಪಿಕೊಳ್ಳಿ, ಅದರಲ್ಲಿ ನಾಚಿಕೆ ಏನಿಲ್ಲ. ಆದರೆ ಹಸಿದವರಿಗೆ ಉಣಿಸಿದ್ದನ್ನು ನಾಟಕ ಮಾಡಿದ್ದಕ್ಕೆ ತಪ್ಪಾಯಿತು ಎಂದು ಹೇಳಬೇಡಿ. ಅದು ನಿಜವಲ್ಲ, ಪೂಜೆ ಮುಗಿದ ಕೂಡಲೇ ಅಲ್ಲಿ ನಿಂತು ಹೇಳುವ ಮಾತೂ ಅಲ್ಲ. ಇದನ್ನು ಭಾನುವಾರಕ್ಕೆ ಮೊದಲೇ ಫಾದರ್ ಹತ್ತಿರ ಹೋಗಿ ಬಿಡಿಸಿ ಹೇಳಿ. ಯಾವುದಕ್ಕೆ ಕ್ಷಮೆ, ಯಾವುದಕ್ಕೆ ಇಲ್ಲ ಎಂಬುದು ಅವರಿಗೆ ಸ್ಪಷ್ಟವಾಗಿ ಗೊತ್ತಾಗಲಿ.

ವ್ಯಾಪಾರಿಯನ್ನು ಒಬ್ಬರೇ ಭೇಟಿಯಾಗಿ. ಅವರನ್ನು ಮನಸ್ಸಲ್ಲಿ ಇಟ್ಟು ಬರೆದಿರಲಿಲ್ಲ ಅಂದರೆ ಹಾಗೇ ಹೇಳಿ. ಇಟ್ಟೇ ಬರೆದಿದ್ದರೆ ಸುಳ್ಳು ಹೇಳಬೇಡಿ. ನಾತಾನ ಊರ ಮುಂದೆ ಹೇಳಲು ಹೋಗದೆ ಅರಸನ ಎದುರಿಗೇ ಹೋಗಿದ್ದ, ಅಲ್ವಾ?

ಆ ತುಣುಕನ್ನು ಇವತ್ತೇ ತೆಗೆಸಿ. ಯಾವ ಯಾವ ಗುಂಪಿಗೆ ಹೋಗಿದೆಯೋ ಅಲ್ಲೆಲ್ಲ ನಿಮ್ಮ ಹೆಸರಿನಲ್ಲಿ ಕೇಳಿಕೊಳ್ಳಿ. ಆಮೇಲೆ ಪಾತ್ರ ಮಾಡಿದ ಹುಡುಗನನ್ನೂ ಕರೆದುಕೊಂಡು ಅಕ್ಕನ ಮನೆಗೆ ಹೋಗಿ. ಭಟ್ಟಿಯ ಹತ್ತಿರ ಹೋಗಬೇಡಿ, ಜೊತೆಯವರ ಮುಂದೆ ಅವರಿಗೆ ಮತ್ತೆ ಮುಜುಗರ ಆಗುತ್ತದೆ. ಅಕ್ಕಿ ಚೀಲ, ಹಣ್ಣಿನ ಬುಟ್ಟಿ ಒಯ್ಯಬೇಡಿ. ನಮ್ಮ ಉದ್ದೇಶ ಹಾಗಿರಲಿಲ್ಲ ಎಂದು ಶುರು ಮಾಡಬೇಡಿ. 'ಅಕ್ಕಾ, ನಿಮ್ಮ ಮಾತಿನ ರೀತಿಯನ್ನು ನಗೆಗೆ ಬಳಸಿಕೊಂಡೆವು, ತಪ್ಪು ಮಾಡಿದೆವು' ಎಂದಷ್ಟೇ ಹೇಳಿ. ಅವರು ಬೈದರೆ ಕೇಳಿ. ಮಾತಾಡದಿದ್ದರೆ ಒತ್ತಾಯ ಬೇಡ. ಭಾನುವಾರ ಎಲ್ಲರ ಮುಂದೆಯೂ ಹೇಳಲೇ ಎಂದು ಅವರನ್ನೇ ಕೇಳಿ. ಬೇಡ ಅಂದರೆ ಬೇಡ.

ಹೊರಡುವ ಮೊದಲು ಅಪ್ಪನಿಗೆ ಎಲ್ಲಿಗೆ ಹೋಗುತ್ತಿದ್ದೀನಿ ಎಂದು ತಿಳಿಸಿ. ನಾನೂ ಬರ್ತೀನಿ ಅಂದರೆ ಕರೆದುಕೊಂಡೇ ಹೋಗಿ.