ಮನೆಯಲ್ಲಿ ಕಟ್ಟಿದ ಕಾರು ಶಬ್ದ ಪರೀಕ್ಷೆಯಲ್ಲಿ ಪಾಸಾಗಲು ಯಾವ ಸೈಲೆನ್ಸರ್ ಹಾಕಿಸಬೇಕು?

ಮಾರುತಿ 800ರ ಎಂಜಿನ್ನನ್ನು ಹಿಂದಿಟ್ಟು ಪೈಪಿನ ಫ್ರೇಮ್ ಕಟ್ಟಿದ್ದೀರಿ, ಬ್ರಿಟನ್ನಿನವರ ವಿಡಿಯೊಗಳನ್ನು ನೋಡಿದ್ದೀರಿ, ಈಗ ಯಾವ ಸೈಲೆನ್ಸರ್ ಹಾಕಿಸಿದರೆ ಪರೀಕ್ಷೆ ಪಾಸಾಗಿ ನಂಬರ್ ಸಿಗುತ್ತದೆ ಎಂದು ಕೇಳಿದ್ದೀರಿ. ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಶೆಡ್ಡಿನಲ್ಲಿ ನಾನೂ ನನ್ನ ಗೆಳೆಯನೂ ಇದೇ ಎಂಜಿನ್ ಇಟ್ಟುಕೊಂಡು ಇದೇ ಪ್ರಶ್ನೆಯ ಬೆನ್ನು ಹತ್ತಿದ್ದೆವು.

ನಾವು ನೋಡಿದ್ದೂ ಅವೇ ವಿಡಿಯೊಗಳು. ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಒಂದೇ ಒಂದು ಕಾರನ್ನೂ ತಪಾಸಣೆ ಮಾಡಿ ರಸ್ತೆಗೆ ಬಿಡುವ ಪ್ರತ್ಯೇಕ ವ್ಯವಸ್ಥೆಯಿದೆ. ಅಲ್ಲಿ ಕಾರನ್ನು ನಿಲ್ಲಿಸಿ, ಎಂಜಿನ್ನು ಗರಿಷ್ಠ ಶಕ್ತಿ ಕೊಡುವ ವೇಗದ ಮುಕ್ಕಾಲು ಭಾಗಕ್ಕೆ ಏರಿಸಿ, ಹೊಗೆ ಕೊಳವೆಯ ಬಾಯಿಂದ ಅರ್ಧ ಮೀಟರ್ ದೂರದಲ್ಲಿ 45 ಡಿಗ್ರಿ ಕೋನದಲ್ಲಿ ಮೈಕ್ ಹಿಡಿದು ಅಳೆಯುತ್ತಾರೆ. ಮಿತಿ 99 ಡೆಸಿಬಲ್. ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಇರುವ ನಮ್ಮ ಎಂಜಿನ್ನಿನ ಗರಿಷ್ಠ ಶಕ್ತಿ ನಿಮಿಷಕ್ಕೆ 5000 ಸುತ್ತು, ಅಂದರೆ 5000 ಆರ್‌ಪಿಎಂನಲ್ಲಿ ಬರುತ್ತದೆಂದು ಲೆಕ್ಕ ಹಿಡಿದು 3750ರಲ್ಲಿ ಅಳೆದೆವು. ಪರಿಚಯದ ಕಾಲೇಜಿನ ಪ್ರಯೋಗಾಲಯದಿಂದ ಮೀಟರ್ ಎರವಲು ತಂದಿದ್ದೆವು. ಫೋನಿನ ಆ್ಯಪ್ ನಂಬಬೇಡಿ, ಇಷ್ಟು ದೊಡ್ಡ ಸದ್ದಿಗೆ ಅದರ ಮೈಕ್ ಸರಿಯಾದ ಅಂಕಿ ಕೊಡುವುದಿಲ್ಲ. ಸೈಲೆನ್ಸರ್ ಬದಲಿಸಿದ ಮೇಲೆ ಮೀಟರು 99ಕ್ಕಿಂತ ಕೆಳಗೆ ನಿಂತಿತು, ನಾವು ಗೆದ್ದೆವೆಂದುಕೊಂಡೆವು.

ಆದರೆ ನಮ್ಮ ದೇಶದಲ್ಲಿ ಹೊಸ ಮಾದರಿಯ ಕಾರಿನ ಶಬ್ದವನ್ನು ಓಡುತ್ತಿರುವಾಗ ಅಳೆಯುತ್ತಾರೆ. ಕಾರು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬಂದು, ಗುರುತು ಮಾಡಿದ 20 ಮೀಟರ್ ಪಟ್ಟಿಯನ್ನು ಪ್ರವೇಶಿಸುತ್ತಿದ್ದಂತೆ ಆಕ್ಸಿಲರೇಟರನ್ನು ಪೂರ್ತಿ ಒತ್ತಬೇಕು. ಎರಡೂ ಬದಿಯಲ್ಲಿ 7.5 ಮೀಟರ್ ದೂರದಲ್ಲಿ, 1.2 ಮೀಟರ್ ಎತ್ತರದಲ್ಲಿ ಮೈಕ್‌ಗಳಿರುತ್ತವೆ. ಚಾಲಕನೂ ಸೇರಿ ಒಂಬತ್ತು ಸೀಟು ಮೀರದ ಕಾರಿಗೆ 2005ರ ಏಪ್ರಿಲ್‌ನಿಂದ 74 ಡೆಸಿಬಲ್ ಮಿತಿಯಿದೆ. ಗೆಳೆಯನ ಮಾವನವರ ಗೋದಾಮಿನ ಬಯಲಿನಲ್ಲಿ ಸುಣ್ಣದ ಗೆರೆ ಎಳೆದು ಹೀಗೆ ಓಡಿಸಿ ನೋಡಿದಾಗ ನಮ್ಮ ಕಾರು 80ನ್ನು ದಾಟಿತು. ನಾವು ಇನ್ನೂ ಉದ್ದನೆಯ ಎರಡನೆಯ ಸೈಲೆನ್ಸರ್ ಮಾಡಿಸಿದೆವು, ಅದಕ್ಕೆ ಜಾಗ ಸಾಲದೆ ಫ್ರೇಮಿನ ಹಿಂದಿನ ಅಡ್ಡ ಪೈಪನ್ನು ಕತ್ತರಿಸಿದೆವು. ಬಯಲಿನಲ್ಲಿ ಮತ್ತೆ ಓಡಿಸಿದರೆ ಮೀಟರಿನ ಅಂಕಿ ಕದಲಿದ್ದು ಒಂದು ಡೆಸಿಬಲ್ಲಿನಷ್ಟು ಮಾತ್ರ. ಅಡ್ಡ ಪೈಪು ಹೋದ ಮೇಲೆ ಹಿಂದಿನ ಚಕ್ರಗಳ ನೇರ ತಪ್ಪಿತು. ಫ್ರೇಮಿನ ಹಿಂದಿನ ಅರ್ಧವನ್ನು ಮೊದಲಿನಿಂದ ಕಟ್ಟಬೇಕಾಯಿತು.

ನಮ್ಮ ತಪ್ಪನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲಿಯೂ ಅದೇ ಕುಳಿತಿದೆ. ಸದ್ದೆಲ್ಲ ಹೊಗೆ ಕೊಳವೆಯಿಂದಲೇ ಬರುತ್ತದೆ ಎಂದು ನಾವು ನಂಬಿದ್ದೆವು, ಮತ್ತು ಆ ಕೊಳವೆಯ ಬಾಯಲ್ಲೇ ಅಳೆಯುತ್ತಿದ್ದುದರಿಂದ ಮೀಟರೂ ಆ ನಂಬಿಕೆಯನ್ನೇ ಗಟ್ಟಿ ಮಾಡುತ್ತಿತ್ತು. ಜಾಗ ಉಳಿಸಲೆಂದು ಮಾರುತಿಯ ಏರ್ ಕ್ಲೀನರ್ ಡಬ್ಬಿಯನ್ನು ತೆಗೆದುಹಾಕಿ ಕಾರ್ಬ್ಯುರೇಟರಿನ ಬಾಯಿಗೆ ಒಂದು ತೆಳ್ಳನೆಯ ಜಾಳಿಗೆ ಕಟ್ಟಿದ್ದೆವು. ನಿಂತ ಕಾರಿನ ಎಂಜಿನ್ನಿಗೆ ಭಾರವಿಲ್ಲ, 3750 ಆರ್‌ಪಿಎಂಗೆ ಗಾಳಿಯನ್ನು ಒಳಬಿಡುವ ಕವಾಟವಾದ ಥ್ರಾಟಲ್ ಸ್ವಲ್ಪವೇ ತೆರೆದರೆ ಸಾಕು, ಆದ್ದರಿಂದ ಗಾಳಿ ಎಳೆದುಕೊಳ್ಳುವ ಸದ್ದು ಒಳಗೇ ಅಡಗಿರುತ್ತದೆ. ಓಡುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಥ್ರಾಟಲಿನ ತಟ್ಟೆ ಅಗಲವಾಗಿ ತೆರೆದು, ಸಿಲಿಂಡರಿನ ಮಿಡಿತವೆಲ್ಲ ಆ ಬಾಯಿಂದ ನೇರವಾಗಿ ಹೊರಬರುತ್ತದೆ. ಡೆಸಿಬಲ್‌ಗಳ ಕೂಡಿಕೆಯೂ ನಮ್ಮ ಸಾಮಾನ್ಯ ಕೂಡಿಕೆಯಲ್ಲ: ಹಿಂದಿನಿಂದ 80, ಗಾಳಿಯ ಬಾಯಿಂದ 80 ಬಂದರೆ ಒಟ್ಟು 83, ಹಿಂದಿನದನ್ನು ಕಷ್ಟಪಟ್ಟು 70ಕ್ಕೆ ಇಳಿಸಿದರೂ ಒಟ್ಟು 80ಕ್ಕಿಂತ ತುಸು ಮೇಲೆಯೇ ಉಳಿಯುತ್ತದೆ. ಅದಲ್ಲದೆ ಮೂರು ಸಿಲಿಂಡರಿನ ಈ ಎಂಜಿನ್ನು 3750ರಲ್ಲಿ ಸೆಕೆಂಡಿಗೆ ಸುಮಾರು 94 ಸಲ ಹೊಡೆಯುತ್ತದೆ. ಶೆಡ್ಡಿನ ತಗಡುಗಳನ್ನು ನಡುಗಿಸುತ್ತಿದ್ದ ಗುಮ್ಮೆನ್ನುವ ಆ ಸದ್ದನ್ನೇ ನಾವು ಶತ್ರುವೆಂದು ಭಾವಿಸಿದ್ದೆವು. ಪರೀಕ್ಷೆಯಲ್ಲಿ ಬಳಸುವ ಎ ಮಾಪನವು ಮನುಷ್ಯನ ಕಿವಿಯನ್ನು ಅನುಸರಿಸುತ್ತದೆ, 100 ಹರ್ಟ್ಸ್ ಬಳಿ 19 ಡೆಸಿಬಲ್ಲುಗಳಷ್ಟನ್ನು ಕಳೆದೇ ಲೆಕ್ಕ ಹಿಡಿಯುತ್ತದೆ. ನಮ್ಮ ಎರಡನೆಯ ಸೈಲೆನ್ಸರು ಮೀಟರು ಅಷ್ಟಾಗಿ ಲೆಕ್ಕಿಸದ ಸದ್ದನ್ನೇ ತಗ್ಗಿಸಿತ್ತು.

ಇದನ್ನು ಕಂಡುಹಿಡಿದವನು ವೆಲ್ಡಿಂಗ್ ಮಾಡಲು ಬಂದಿದ್ದ ಮಿಸ್ತ್ರಿ. ಪಕ್ಕದ ಸೀಟಿನಲ್ಲಿ ಕೂತು ಒಂದು ಸುತ್ತು ಬಂದವನೇ, "ಹಿಂದಿನ ಬಾಯಿ ಒದರಾಕತ್ತಿಲ್ರಿ ಸರ, ಗಾಳಿ ಬಾಯಿ ಒದರಾಕತ್ತೇತಿ" ಎಂದ. ಮೂಲೆಯಲ್ಲಿ ಬಿದ್ದಿದ್ದ ಹಳೆಯ ಏರ್ ಕ್ಲೀನರ್ ಡಬ್ಬಿಯನ್ನು ಒರೆಸಿ, ರಬ್ಬರ್ ಪೈಪು ಕ್ಲಿಪ್ಪುಗಳ ಸಮೇತ ಕೂರಿಸಿ, ಅದರ ಮೂತಿಯನ್ನು ಸೀಟಿನ ಹಿಂಬದಿಗೆ ತಿರುಗಿಸಿದ. ಅದೇ ಗೆರೆ, ಅದೇ ವೇಗ. ಮೀಟರು ಐದು ಡೆಸಿಬಲ್ ಕೆಳಗಿಳಿಯಿತು. ಆ ಡಬ್ಬಿ ಧೂಳು ತಡೆಯುವುದರ ಜೊತೆಗೆ ಗಾಳಿಯ ಬದಿಯ ಸೈಲೆನ್ಸರ್ ಕೂಡ ಹೌದು.

ಇನ್ನು ನಂಬರಿನ ವಿಷಯ. ಇಲ್ಲಿ ನಿಮ್ಮ ಪ್ರಶ್ನೆಯ ಬುನಾದಿಯನ್ನೇ ನಾನು ಒಪ್ಪುವುದಿಲ್ಲ. ಬ್ರಿಟನ್ನಿನಂತೆ ಒಬ್ಬ ವ್ಯಕ್ತಿ ತನ್ನ ಒಂದು ಕಾರನ್ನು ಒಯ್ದು ಪಾಸು ಮಾಡಿಸಿಕೊಳ್ಳುವ ಬಾಗಿಲು ನಮ್ಮಲ್ಲಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 126ನೆಯ ನಿಯಮವು ತಯಾರಕರು ಮಾದರಿ ವಾಹನವನ್ನು ಪುಣೆಯ ಎಆರ್‌ಎಐನಂಥ ವಾಹನ ಪರೀಕ್ಷಾ ಸಂಸ್ಥೆಗೆ ಒಪ್ಪಿಸುವುದರ ಬಗ್ಗೆ ಹೇಳುತ್ತದೆ. ಅಲ್ಲಿ ಶಬ್ದದ ಜೊತೆ ಬ್ರೇಕು, ಹೊಗೆ, ದೀಪ ಎಲ್ಲವೂ ಸೇರುತ್ತವೆ. ವಾಹನವು ನಿಯಮಗಳಿಗೆ ಹೊಂದುತ್ತದೆ ಎಂದು ದೃಢಪಡಿಸುವ, ನೋಂದಣಿಗೆ ಬೇಕಾದ ಫಾರಂ 22ನ್ನು ಕೊಡಬೇಕಾದವರು ತಯಾರಕರು. ಹಳೆಯ ಮಾರುತಿಯ ಆರ್‌ಸಿಯನ್ನೇ ಇದಕ್ಕೆ ಬಳಸುತ್ತೇನೆ ಎಂದೂ ಬರೆದಿದ್ದೀರಿ, ಅದು ಬೇಡವೇ ಬೇಡ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ವಾಹನದ ಮೂಲ ವಿವರಗಳನ್ನು ಬದಲಿಸುವುದನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿದಿದೆ. ನಮ್ಮ ನೆರೆಯ ಸಾಂಗ್ಲಿ ಜಿಲ್ಲೆಯ ದೇವರಾಷ್ಟ್ರೆಯಲ್ಲಿ ಒಬ್ಬರು ಗುಜರಿ ಸಾಮಾನಿನಿಂದ ಜೀಪು ಕಟ್ಟಿದಾಗ, 2021ರಲ್ಲಿ ಆನಂದ್ ಮಹೀಂದ್ರಾ ಅದನ್ನು ಮೆಚ್ಚಿದರಾದರೂ, ಅದು ನಿಯಮಗಳಿಗೆ ಹೊಂದುವುದಿಲ್ಲ ಎಂದು ಹೇಳಿ ಬದಲಿಗೆ ಬೊಲೆರೊ ಕೊಡುವುದಾಗಿ ತಿಳಿಸಿದರು.

ಆದ್ದರಿಂದ ರಸ್ತೆಯ ಆಸೆ ಬಿಟ್ಟು, ಸ್ವಂತ ಹೊಲಕ್ಕೋ ಟ್ರ್ಯಾಕಿಗೋ ಎಂದು ಕಟ್ಟಿ. ನೀವು ಎಂಜಿನಿಯರಿಂಗ್ ವಿದ್ಯಾರ್ಥಿಯಾಗಿದ್ದರೆ ವಿದ್ಯಾರ್ಥಿಗಳೇ ಕಾರು ಕಟ್ಟಿ ಸ್ಪರ್ಧಿಸುವ ಫಾರ್ಮುಲಾ ಭಾರತ್ ಅಥವಾ ಬಾಹಾಕ್ಕೆ ಹೋಗುವ ಕಾಲೇಜಿನ ತಂಡ ಸೇರುವುದು ಇದಕ್ಕಿಂತ ಎಷ್ಟೋ ಒಳ್ಳೆಯದು. ನಿಮ್ಮ ಕೈಯಾರೆ ಕಟ್ಟಿದ ಕಾರನ್ನು ತಾಂತ್ರಿಕ ತಪಾಸಣೆಗೆ ಒಡ್ಡುವ ಅವಕಾಶ ಅಲ್ಲಿ ನಿಜವಾಗಿಯೂ ಇದೆ. ಎಲ್ಲೇ ಓಡಿಸಿದರೂ ಸೈಲೆನ್ಸರಿಗೆ ದುಡ್ಡು ಹಾಕುವ ಮೊದಲು ಏರ್ ಕ್ಲೀನರ್ ಡಬ್ಬಿಯನ್ನು ಮರಳಿ ಕೂರಿಸಿ, 7.5 ಮೀಟರ್ ದೂರದಲ್ಲಿ ನಿಂತು, ಬೇರೆಯವರ ಕೈಯಲ್ಲಿ ಪೂರ್ತಿ ಆಕ್ಸಿಲರೇಟರಿನಲ್ಲಿ ಓಡಿಸಿ ಅಳೆಯಿರಿ. ಎಡಬದಿಯ ಅಂಕಿ, ಬಲಬದಿಯ ಅಂಕಿ ಎರಡನ್ನೂ ಇಲ್ಲಿ ಬರೆದರೆ ಮುಂದೆ ಯಾವ ಕಡೆ ಕೈ ಹಾಕಬೇಕೆಂದು ಹೇಳಬಲ್ಲೆ.